ಮುಂಬೈ ಬಾತ್‌ರೂಮಿಗೆ ಚೆರ್ರಿ ಮರದ ಕಪಾಟು ಮಾಡಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಥಾಣೆಯ ಫ್ಲ್ಯಾಟಿನಲ್ಲಿ ವಾಶ್‌ಬೇಸಿನ್ ಕೆಳಗೆ 3 ಅಡಿ ಅಗಲದ ಜಾಗವಿದೆ, ಅಲ್ಲಿಗೆ ಅಮೆರಿಕನ್ ಚೆರ್ರಿ ಮರದ ಕಪಾಟು ಬೇಕು. ಮಿಸ್ತ್ರಿ (ಬಡಗಿ) ಮಾತ್ರ ಮಳೆಗಾಲದಲ್ಲಿ ಮರ ಉಬ್ಬಿ ಶಟರ್ (ಕಪಾಟಿನ ಬಾಗಿಲು) ಮುಚ್ಚುವುದಿಲ್ಲ, ಪ್ಲೈ ಮೇಲೆ ಚೆರ್ರಿ ಬಣ್ಣದ ಲ್ಯಾಮಿನೇಟ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಅವರ ಹೆದರಿಕೆಗೆ ಕಾರಣವಿದೆ. ಆದರೆ ಮರ ಎಷ್ಟು ಉಬ್ಬುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಅಷ್ಟು ಜಾಗ ಬಿಟ್ಟರೆ ಶಟರ್ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ನಾನು ಹೇಳುವುದಾದರೆ ಶಟರ್, ಕಾಣುವ ಪಟ್ಟಿಗಳು ಮತ್ತು ಬೇಕಿದ್ದರೆ ಕನ್ನಡಿಯ ಚೌಕಟ್ಟು ಗಟ್ಟಿ ಚೆರ್ರಿಯಲ್ಲಿರಲಿ. ಒಳಗಿನ ಪೆಟ್ಟಿಗೆ ನೀರು ತಡೆಯುವ ಐಎಸ್ 710 ಮೆರೀನ್ ಪ್ಲೈನಲ್ಲಿರಲಿ. ಇಡೀ ಪೆಟ್ಟಿಗೆಯನ್ನೇ ಗಟ್ಟಿ ಮರದಲ್ಲಿ ಮಾಡಿಸುವುದು ಈ ಊರಿನಲ್ಲಿ ದುಡ್ಡು ದಂಡ.

ಮೊದಲು ಮರದ ಗುರುತು ತಿಳಿದಿರಲಿ. ನಿಮಗೆ ಬೇಕಾದದ್ದು ಪ್ರೂನಸ್ ಸೆರೊಟಿನಾ, ಅಮೆರಿಕದ ಪೂರ್ವಭಾಗದ ಕಾಡುಗಳಿಂದ ಬರುವ ಮರ. ಇಲ್ಲಿ ‘ಚೆರ್ರಿ’ ಎಂದರೆ ಲ್ಯಾಮಿನೇಟ್‌ನ ಬಣ್ಣವೂ ಆಗಬಹುದು, ಬಣ್ಣ ಹಚ್ಚಿದ ಬೀಚ್ ಮರವೂ ಆಗಬಹುದು, ‘ಆಫ್ರಿಕನ್ ಚೆರ್ರಿ’ ಎಂಬ ಹೆಸರಿನ ಮಕೋರೆ ಮರವೂ ಆಗಬಹುದು. ಮುಂಬೈಯ ರೇ ರೋಡಿನ ಲಾಟಿಗೆ (ಮರದ ಅಡ್ಡೆಗೆ) ಹೋಗಿ, ಅಥವಾ ಪುಣೆ ಹತ್ತಿರವಾದರೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋಗಿ, ಒಂದು ಗೇಣುದ್ದದ ತುಂಡು ಕೇಳಿ ತನ್ನಿ. ಮೇಲ್ಮೈಯನ್ನು ಹತ್ತರಿ (ಮರ ಹೆರೆಯುವ ಉಪಕರಣ) ಹೊಡೆದು ಹೊಸದು ಮಾಡಿ, ಅರ್ಧ ಭಾಗಕ್ಕೆ ಕಪ್ಪು ಟೇಪ್ ಅಂಟಿಸಿ, ಮೂರು ದಿನ ಬಿಸಿಲಿಗಿಡಿ. ಚೆರ್ರಿಯಾದರೆ ಟೇಪ್ ಕಿತ್ತಾಗ ಎರಡು ಬಣ್ಣ ಸ್ಪಷ್ಟವಾಗಿ ಕಾಣುತ್ತದೆ: ಮುಚ್ಚಿದ್ದು ತಿಳಿ ಗುಲಾಬಿ, ಬಿಸಿಲು ಕಂಡದ್ದು ಕೆಂಗಂದು. ಬೀಚ್ ಆದರೆ ಇಷ್ಟು ಬೇಗ ಹೀಗೆ ಕಪ್ಪಾಗುವುದಿಲ್ಲ, ಮೈಮೇಲೆ ಎಳ್ಳಿನಂಥ ಚಿಕ್ಕ ಚುಕ್ಕೆಗಳೂ ಕಾಣುತ್ತವೆ. ಚೆರ್ರಿಯಲ್ಲಿ ಅಲ್ಲಲ್ಲಿ ಕಪ್ಪು ಅಂಟಿನ ಗೆರೆಗಳಿರುತ್ತವೆ, ಅದು ದೋಷವಲ್ಲ. ಆದರೆ ಹಲಗೆಯ ಅಂಚಿನ ಬಿಳಿಭಾಗವನ್ನು ಪೂರ್ತಿ ಕತ್ತರಿಸಿ ಹಾಕಿಸಿ. ಚೇಗಿನ (ದಿಮ್ಮಿಯ ನಡುಮರದ) ಹಾಗೆ ಅದು ಕೆಂಪಾಗುವುದಿಲ್ಲ, ಹುಳು ಬೀಳುವುದೂ ಅಲ್ಲೇ.

900 ಮಿ.ಮೀ. ಅಗಲ, 480 ಆಳ, 500 ಎತ್ತರದ ಕಪಾಟಿಗೆ ಎರಡು ಶಟರ್, ಪ್ಲೈ ಅಂಚಿನ ಪಟ್ಟಿ ಮತ್ತು 900×700ರ ಕನ್ನಡಿ ಚೌಕಟ್ಟು ಸೇರಿದರೆ, ಸಿದ್ಧವಾದ 20 ಮಿ.ಮೀ. ದಪ್ಪದಲ್ಲಿ ಸುಮಾರು ಅರ್ಧ ಘನ ಅಡಿ ಮರ ಕೂರುತ್ತದೆ. ಒಂದು ಇಂಚಿನ ಒರಟು ಹಲಗೆಯಿಂದ ಹತ್ತರಿ ಹೊಡೆದು, ಬಿಳಿಭಾಗ ಮತ್ತು ಗಂಟು ತೆಗೆದರೆ ಅದು ಒಂದು ಘನ ಅಡಿ ದಾಟುತ್ತದೆ. ಒಂದೂಕಾಲು ಘನ ಅಡಿ ಕೊಳ್ಳಿ, ಸಾಧ್ಯವಾದರೆ ಒಂದೇ ದಿಮ್ಮಿಯ ಹಲಗೆಗಳನ್ನೇ ಆರಿಸಿ. ಎರಡನೇ ಸಲ ಹೋಗಿ ತಂದ ಮರ ಬಣ್ಣದಲ್ಲಿ ಹೊಂದುವ ಭರವಸೆಯಿಲ್ಲ. ಪ್ಲೈ 18 ಮಿ.ಮೀ.ದ 8×4 ಶೀಟ್ ಒಂದು ಸಾಕು.

ಇನ್ನು ಉಬ್ಬುವ ಲೆಕ್ಕ. ಮರದ ತೇವಾಂಶ ಶೇ. 1 ಏರಿದರೆ ಚಪ್ಪಟೆ ಕೊಯ್ದ ಚೆರ್ರಿ ಹಲಗೆ ಅಗಲದಲ್ಲಿ ಸುಮಾರು ಶೇ. 0.25 ಹಿಗ್ಗುತ್ತದೆ. ಉದ್ದದಲ್ಲಿ ಹಿಗ್ಗುವುದೇ ಇಲ್ಲ ಎನ್ನಬಹುದು. ಎಸಿ ಇಲ್ಲದ ಮುಂಬೈ ಕೋಣೆಯಲ್ಲಿ ಫೆಬ್ರವರಿಯಲ್ಲಿ ಶೇ. 11ರ ಆಸುಪಾಸಿನಲ್ಲಿರುವ ಮರದ ತೇವಾಂಶ ಜುಲೈಯಲ್ಲಿ 16ರ ಹತ್ತಿರ ಹೋಗುತ್ತದೆ. ಅಂದರೆ 450 ಮಿ.ಮೀ. ಅಗಲದ ಒಂದೇ ಹಲಗೆಯ ಶಟರ್ ಐದೂವರೆ ಮಿ.ಮೀ. ಬೆಳೆಯುತ್ತದೆ. ಎರಡು ಶಟರ್ ಸೇರಿ 11. ನಡುವೆ 3 ಮಿ.ಮೀ. ಸಂದಿ ಬಿಟ್ಟರೆ ಜುಲೈಯಲ್ಲಿ ಒಂದರ ಮೇಲೊಂದು ಏರಿ ನಿಲ್ಲುತ್ತವೆ. ನಿಮ್ಮ ಮಿಸ್ತ್ರಿ ಕಂಡಿರುವುದು ಇದನ್ನೇ. ಅಂದಹಾಗೆ, ಒಣ ಊರೆಂದು ಪುಣೆಯವರು ನಿಶ್ಚಿಂತೆಯಿಂದ ಇರುತ್ತಾರಲ್ಲ, ಅಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಏಪ್ರಿಲ್‌ನಲ್ಲಿ ಮರ 7ಕ್ಕೆ ಇಳಿದು ಮಳೆಗಾಲದಲ್ಲಿ 15-16ಕ್ಕೆ ಏರುವುದರಿಂದ ಏರಿಳಿತ ಮುಂಬೈ, ಗೋವಾಕ್ಕಿಂತ ಹೆಚ್ಚು.

ಹಾಗಾಗಿ ಒಂದೇ ಹಲಗೆಯ ಶಟರ್ ಬೇಡ. ಚೌಕಟ್ಟು ಮಾಡಿ ಒಳಗೆ ಹಲಗೆಯನ್ನು ಸಡಿಲವಾಗಿ ಕೂರಿಸಿ. 446×494ರ ಎರಡು ಶಟರ್ ಹಿಡಿಯೋಣ: ನಡುವೆ 4, ಎರಡು ಬದಿಗೆ 2-2 ಸಂದಿ ಬಿಟ್ಟರೆ 900 ಸರಿಹೋಗುತ್ತದೆ. ನಿಂತ ಪಟ್ಟಿ 60 ಅಗಲ, 494 ಉದ್ದ. ಅಡ್ಡಪಟ್ಟಿಯೂ 60 ಅಗಲ, ಆದರೆ ಎರಡೂ ತುದಿಗೆ 30 ಮಿ.ಮೀ. ಚೂಲ್ (ನಿಂತ ಪಟ್ಟಿಯ ತೂತಿನೊಳಗೆ ಕೂರುವ ನಾಲಿಗೆ) ಸೇರಿ 386 ಉದ್ದ. ಇಲ್ಲಿನ ಮಿಸ್ತ್ರಿಗಳು ಸಾಲ್-ಚೂಲ್ ಎನ್ನುವ ಈ ಜೋಡಣೆಯಲ್ಲಿ ಚೂಲ್‌ನ ದಪ್ಪ 7 ಮಿ.ಮೀ., ಸಾಲ್‌ನ (ಆ ತೂತಿನ) ಆಳ 32 ಇರಲಿ. ಆ ಎರಡು ಮಿ.ಮೀ.ಯಲ್ಲಿ ಹೆಚ್ಚಿನ ಅಂಟು ತಂಗುತ್ತದೆ, ಇಲ್ಲದಿದ್ದರೆ ಜೋಡಣೆ ಬಿಗಿಯುವುದೇ ಇಲ್ಲ. ಒಳಗಿನ ಹಲಗೆ ಕೂರಲು ಪಟ್ಟಿಯ ಒಳ ಅಂಚಿಗೆ ಹೊಡೆಯುವ ತೋಡಿನ ಆಳ 10 ಮಿ.ಮೀ. ಚೌಕಟ್ಟಿನ ಒಳ ಅಗಲ 326, ತೋಡು ಸೇರಿ 346. ಬೇಸಿಗೆಯಲ್ಲಿ ಮಾಡುವುದಾದರೆ ಹಲಗೆಯ ಅಗಲ 340 ಇಡಿ, ಎರಡೂ ಬದಿಗೆ 3-3 ಮಿ.ಮೀ. ಉಳಿಯುತ್ತದೆ. ಮಳೆಗಾಲದಲ್ಲಿ ಮಾಡುವುದಾದರೆ ಮರ ಆಗಲೇ ಹಿಗ್ಗಿರುವುದರಿಂದ 344 ಇಡಿ. ಪುಣೆಗಾದರೆ ತೋಡು 12 ಮಾಡಿ, ಬೇಸಿಗೆಯಲ್ಲಿ ಬದಿಗೆ 4ರಿಂದ 5 ಬಿಡಿ.

ಹಲಗೆಗೆ ಸುತ್ತ ಅಂಟು ಹಾಕುವುದು ಇಲ್ಲಿ ಸಾಮಾನ್ಯ ತಪ್ಪು. ಹಾಕಿದರೆ ಒಂದೋ ಹಲಗೆ ನಡುವೆ ಸೀಳುತ್ತದೆ, ಇಲ್ಲವೇ ಮೂಲೆಯ ಜೋಡಣೆ ಬಾಯಿ ಬಿಡುತ್ತದೆ. ಮೇಲೆ, ಕೆಳಗೆ ಅಗಲದ ಸರಿಮಧ್ಯದಲ್ಲಿ ಒಂದೊಂದು ಹನಿ ಸಾಕು, ಆಗ ಎರಡೂ ಬದಿಗೆ ಸಮನಾಗಿ ಹಿಗ್ಗುತ್ತದೆ. ಚೂಲ್‌ಗಳಿಗೆ ನೀರು ತಡೆಯುವ ಅಂಟು ಬೇಕು, ಫೆವಿಕಾಲ್ ಮೆರೀನ್ ಬಗೆಯದು. ಮಾಮೂಲಿ ಬಿಳಿ ಅಂಟು ಬೇಡ. ಕಬ್ಬಿಣದ ಮೊಳೆ ಹೊಡೆದು ಬಿಗಿಯಲು ಬಿಡಬೇಡಿ, ಕ್ಲ್ಯಾಂಪ್ ಹಾಕಿಸಿ. ಚೆರ್ರಿಯ ಟ್ಯಾನಿನ್‌ಗೆ ಕಬ್ಬಿಣ ಮತ್ತು ನೀರು ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಸ್ಟೀಲ್ ಉಣ್ಣೆಯಿಂದ ಉಜ್ಜಿದರೂ ಅದೇ ಗತಿ. ಈಗಾಗಲೇ ಕಲೆ ಬಿದ್ದಿದ್ದರೆ ಪಾಲಿಶ್‌ಗೆ ಮುಂಚೆ ಆಕ್ಸಾಲಿಕ್ ಆಮ್ಲದ ದ್ರಾವಣದಲ್ಲಿ ಒರೆಸಿ, ಶುದ್ಧ ನೀರಿನಿಂದ ತೊಳೆದು ಒಣಗಿಸಬಹುದು.

ಕೊಯ್ಯುವಾಗಲೂ ಒಂದು ಎಚ್ಚರ. ಚೆರ್ರಿ ಬೇಗ ಸುಟ್ಟು ಕಪ್ಪಾಗುವ ಮರ. ಪ್ಲೈ ಕೊಯ್ದು ಮೊಂಡಾದ ಬ್ಲೇಡಿನಿಂದಲೇ ಇದನ್ನೂ ಕೊಯ್ದರೆ, ಅಥವಾ ರೌಟರನ್ನು ಮೂಲೆಯಲ್ಲಿ ಒಂದು ಕ್ಷಣ ನಿಲ್ಲಿಸಿದರೆ, ಸುಟ್ಟ ಗುರುತು ಆಳಕ್ಕಿಳಿಯುತ್ತದೆ, ಅದನ್ನು ಉಜ್ಜುಕಾಗದದಿಂದ ಉಜ್ಜಿ ತೆಗೆಯುವುದು ಅರ್ಧ ದಿನದ ಕೆಲಸ. ಹೊಸ ಬ್ಲೇಡ್ ಕೊಡಿಸಿ. ತೋಡನ್ನು ಒಂದೇ ಸಲಕ್ಕೆ ಹೊಡೆಯದೆ ಎರಡು-ಮೂರು ಪದರಗಳಲ್ಲಿ ತೆಗೆಯಲಿ.

ಕೆಲಸಕ್ಕೆ ಮುಂಚೆ ಹಲಗೆಗಳು ನಿಮ್ಮ ಮನೆಯೊಳಗೆ, ನಡುನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು, ಗಾಳಿ ಆಡುವಂತೆ ಎರಡು-ಮೂರು ವಾರ ಇರಬೇಕು. ಹಡಗಿನಲ್ಲಿ ಬರುವಾಗ ಕಿಲ್ನ್‌ನಲ್ಲಿ (ಬಿಸಿ ಗೂಡಿನಲ್ಲಿ) ಒಣಗಿಸಿದ್ದರ ತೇವಾಂಶ ಶೇ. 6ರಿಂದ 8 ಇರುತ್ತದೆ, ಆದರೆ ಗೋದಾಮಿನಲ್ಲಿ ಒಂದು ಮಳೆಗಾಲ ಕಳೆದ ಮರದ ತೇವಾಂಶ ಎಷ್ಟಿದೆಯೋ ತೇವಾಂಶದ ಮೀಟರ್ ಚುಚ್ಚದೆ ಗೊತ್ತಾಗದು. ಮೀಟರ್ 11-12 ತೋರಿಸುವ ದಿನ ಕೊಯ್ಯಲು ಶುರು ಮಾಡಿ. ಕಾಲ ಆರಿಸುವ ಅವಕಾಶವಿದ್ದರೆ ನಾನು ನವೆಂಬರ್-ಡಿಸೆಂಬರ್ ಎನ್ನುತ್ತೇನೆ. ಮರ ಅತಿ ಒದ್ದೆಯೂ ಅಲ್ಲ, ಅತಿ ಒಣಗಿದ್ದೂ ಅಲ್ಲ, ಪಾಲಿಶ್‌ಗೂ ಆ ಹವೆ ಒಳ್ಳೆಯದು.

ಪಾಲಿಶ್ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಬಣ್ಣ ಹಚ್ಚಿಸಬೇಡಿ. ಹೊಸ ಚೆರ್ರಿ ಪೇಲವವಾಗಿ ಕಾಣುವುದರಿಂದ ಪಾಲಿಶ್‌ನವರು ಸ್ಟೇನ್ ಹಚ್ಚೋಣ ಎನ್ನುತ್ತಾರೆ. ಈ ಮರ ಸ್ಟೇನ್ ಅನ್ನು ಸಮನಾಗಿ ಹೀರುವುದಿಲ್ಲ, ಮೋಡ ಕವಿದ ಹಾಗೆ ಮಚ್ಚೆ ಮಚ್ಚೆಯಾಗುತ್ತದೆ. ಮೇಲಾಗಿ ಮುಂದಿನ ವರ್ಷ ಮರವೇ ಕೆಂಪಾದಾಗ ಹಚ್ಚಿದ ಬಣ್ಣವೂ ಸೇರಿ ಕಡುಗಪ್ಪು. ಬಾತ್‌ರೂಮಿನ ಕಿಟಕಿ ಚಿಕ್ಕದಾದ್ದರಿಂದ ಒಳಗೆ ಬಣ್ಣ ತಿರುಗುವುದು ನಿಧಾನ, ಕಿಟಕಿ ಬಳಿಯ ಶಟರ್ ಮೊದಲು ಕೆಂಪಾಗುತ್ತದೆ. ಅದಕ್ಕೆ ಒಂದು ಉಪಾಯವಿದೆ: ಹತ್ತರಿ ಹೊಡೆದ ಮೇಲೆ, ಜೋಡಿಸುವ ಮುಂಚೆ, ಬಿಡಿಭಾಗಗಳನ್ನೆಲ್ಲ ಒಂದು ವಾರ ಬಾಲ್ಕನಿಯ ಎಳೆಬಿಸಿಲಿಗೆ ದಿನಾ ಎರಡು ತಾಸು ಮಗುಚಿ ಮಗುಚಿ ಇಡಿ. ನಡುಹಗಲ ಸುಡುಬಿಸಿಲು ಬೇಡ, ಹಲಗೆ ದೋಣಿಯಂತೆ ಬಾಗುತ್ತದೆ. ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಆ ನೆರಳೇ ಗೆರೆಯಾಗಿ ಉಳಿಯುತ್ತದೆ.

120, 150, 180, 220 ಹೀಗೆ ಕಾಗದ ಹಿಡಿದು ಉಜ್ಜಿದ ಮೇಲೆ ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹಚ್ಚಿಸಿ: ಎರಡು ಕೋಟ್ ಸೀಲರ್ (ಮರದ ರಂಧ್ರ ಮುಚ್ಚುವ ಅಡಿಕೋಟ್), ನಡುವೆ 320ರ ಕಾಗದ, ಮೇಲೆ ಎರಡು ಕೋಟ್ ಮ್ಯಾಟ್ ಅಥವಾ ಸ್ಯಾಟಿನ್. ಅರಗಿನ ಪಾಲಿಶ್ ಮಾತ್ರ ಹಚ್ಚಿದರೆ ನೀರು ಕೂತಲ್ಲೆಲ್ಲ ಬಿಳಿ ಕಲೆ. ಮೆಲಮೈನ್ ನಡೆಯುತ್ತದೆ, ಆದರೆ ಬಾತ್‌ರೂಮಿಗೆ ಪಿಯು ಮೇಲು. ಒಳಗಿನ ಹಲಗೆಗೆ ಚೌಕಟ್ಟಿನಲ್ಲಿ ಕೂರಿಸುವ ಮೊದಲೇ, ಅಂಚು ಸಮೇತ, ಕನಿಷ್ಠ ಸೀಲರ್ ಮುಗಿದಿರಬೇಕು. ಇಲ್ಲದಿದ್ದರೆ ಫೆಬ್ರವರಿಯಲ್ಲಿ ಹಲಗೆ ಕುಗ್ಗಿದಾಗ ಪಾಲಿಶ್ ಕಾಣದ ಬಿಳಿ ಗೆರೆಯೊಂದು ಉದ್ದಕ್ಕೂ ಇಣುಕುತ್ತದೆ, ಚೆರ್ರಿಯಲ್ಲಿ ಅದು ಕಣ್ಣಿಗೆ ಹೊಡೆಯುವ ಹಾಗಿರುತ್ತದೆ. ಶಟರ್‌ನ ಹಿಂಬದಿಗೂ ಮುಂದಿನಷ್ಟೇ ಕೋಟ್ ಬೇಕು. ಕಾಣದ ಕಡೆ ಒಂದೇ ಕೋಟ್ ಹೊಡೆದು ಮುಗಿಸುವುದು ಇಲ್ಲಿನ ರೂಢಿ, ಆಗ ಒಂದು ಬದಿ ಹೆಚ್ಚು ತೇವ ಹೀರಿ ಶಟರ್ ತಿರುಚುತ್ತದೆ. ನಿಂತ ಪಟ್ಟಿಯ ಕೆಳತುದಿಗೆ ತೆಳು ಮಾಡಿದ ಸೀಲರ್ ಎರಡು ಸಲ ಹೆಚ್ಚು ಕುಡಿಸಿ, ನೀರು ಒಳಹೋಗುವುದು ಅಲ್ಲಿಂದಲೇ. ಸುರಿಮಳೆಯ ದಿನ ಪಿಯು ಹೊಡೆಸಬೇಡಿ: ಅದರ ಹಾರ್ಡನರ್ ಗಾಳಿಯ ತೇವದೊಂದಿಗೆ ಕೂಡಿ ಗುಳ್ಳೆ ಏಳುತ್ತದೆ. ಮುಚ್ಚಿದ ಬಾತ್‌ರೂಮಿನೊಳಗೆ ಹೊಡೆಯುವುದಂತೂ ಬೇಡವೇ ಬೇಡ, ಆ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಿಸ್ತ್ರಿಯ ಕಾರ್ಖಾನೆಯಲ್ಲಿ, ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡು ಹೊಡೆಯಲಿ. ಕೊನೆಯ ಕೋಟ್ ಆದ ಮೇಲೆ ಒಂದು ವಾರ ನೀರು ತಾಗಿಸಬೇಡಿ.

ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮ್ಮ ಮಿಸ್ತ್ರಿಗೆ ಗೊತ್ತು. ಒಳಗೆ ತಿಳಿಬಣ್ಣದ ಲ್ಯಾಮಿನೇಟ್ ಹಾಕಿಸಿ, ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಪೈಪಿಗಾಗಿ ಕೊರೆದ ತೂತುಗಳ ಅಂಚಿಗೂ ಸೀಲರ್ ಹಚ್ಚಿಸಿ. ಹಿಂಬದಿ ಪೂರ್ತಿ ಮುಚ್ಚಬೇಡಿ, ಮೇಲೆ ಕೆಳಗೆ 100 ಮಿ.ಮೀ. ಪ್ಲೈ ಪಟ್ಟಿ ಸಾಕು. ಆಂಗಲ್ ಕಾಕ್, ಬಾಟಲ್ ಟ್ರ್ಯಾಪ್ ಕೈಗೆ ಸಿಗುತ್ತವೆ, ಗಾಳಿಯೂ ಆಡುತ್ತದೆ. ಬಕೆಟ್-ಚೊಂಬಿನ ಸ್ನಾನ ಇರುವ ನಮ್ಮ ಬಾತ್‌ರೂಮಿನಲ್ಲಿ ನೆಲಕ್ಕೆ ತಾಗುವ ಕಪಾಟು ಉಳಿಯುವುದಿಲ್ಲ, ಗೋಡೆಗೆ ತೂಗುಹಾಕಿ ಕೆಳಗೆ 300 ಮಿ.ಮೀ. ಬಿಡಿ. ಮೇಲೆ 18 ಮಿ.ಮೀ. ಗ್ರಾನೈಟ್ ಸೇರಿ ಎತ್ತರ 820 ಆಗುತ್ತದೆ. ಬೇಸಿನ್ ಕಲ್ಲಿನ ಮೇಲೆ ಕೂರುವ ಮಾದರಿಯದಾದರೆ ಕಪಾಟಿನ ಎತ್ತರವನ್ನು 380ಕ್ಕೆ ಇಳಿಸಿ, ಕೆಳಗಿನ ಜಾಗ ಕಡಿಮೆ ಮಾಡಬೇಡಿ.

ಗ್ರಾನೈಟ್ ಒಂದೇ 20 ಕಿಲೋಗಿಂತ ಹೆಚ್ಚು ತೂಗುತ್ತದೆ, ಬೇಸಿನ್ ಬೇರೆ. ಆ ಭಾರ ಕಪಾಟಿನ ಮೇಲೆ ಬೀಳದಂತೆ ಗೋಡೆಗೆ ಪ್ರತ್ಯೇಕ ಬ್ರ್ಯಾಕೆಟ್ ಅಥವಾ ಕಡಪ ಕಲ್ಲಿನ ಆಧಾರ ಕೊಡಿಸಿ. ಕಾಂಕ್ರೀಟ್ ಗೋಡೆಗೆ ಆ್ಯಂಕರ್ ಬೋಲ್ಟ್ ಸಾಕು. ಹಗುರ ಎಎಸಿ ಬ್ಲಾಕ್ ಗೋಡೆಯಲ್ಲಿ ಅದು ಸಡಿಲವಾಗುತ್ತದೆ, ಕೆಮಿಕಲ್ ಆ್ಯಂಕರ್ ಬೇಕು. ಕೊರೆಯುವ ಮುಂಚೆ ಗೋಡೆಯೊಳಗಿನ ಪೈಪು ಎಲ್ಲಿ ಹಾದಿದೆ ಎಂದು ಪ್ಲಂಬರನ್ನು ಕೇಳಿ. ಕಲ್ಲು ಶಟರ್‌ಗಿಂತ 20 ಮಿ.ಮೀ. ಮುಂದೆ ಚಾಚಿರಲಿ, ಅದರ ಅಡಿಯಲ್ಲಿ ಅಂಚಿನುದ್ದಕ್ಕೂ ಒಂದು ಸಣ್ಣ ಗೀರು ಹೊಡೆಸಿ. ಕಲ್ಲಿನಡಿ ಹರಿದು ಬರುವ ನೀರು ಆ ಗೀರಿನಲ್ಲೇ ತೊಟ್ಟಿಕ್ಕಿ ನಿಲ್ಲುತ್ತದೆ, ಶಟರಿನ ನೆತ್ತಿಗೆ ಇಳಿಯುವುದಿಲ್ಲ. ಕಲ್ಲು-ಗೋಡೆ ಸಂದಿಗೆ ನ್ಯೂಟ್ರಲ್ ಸಿಲಿಕೋನ್. ವಿನೆಗರ್ ವಾಸನೆಯದ್ದು ಬೇಡ.

ಹಿಂಜ್ ಸ್ಟೇನ್‌ಲೆಸ್ ಸ್ಟೀಲಿನ ಎಸ್‌ಎಸ್ 304ರದ್ದೇ ತನ್ನಿ, ಪ್ರತಿ ಶಟರ್‌ಗೆ ಎರಡು. ನಿಕಲ್ ಹೊಳಪಿನ ಮಾಮೂಲಿ ಹಿಂಜ್ ಈ ಹವೆಯಲ್ಲಿ ತುಕ್ಕು ಹಿಡಿದು, ಆ ತುಕ್ಕು ನೀರು ಚೆರ್ರಿಯ ಮೇಲೆ ಇಳಿದರೆ ಮೇಲೆ ಹೇಳಿದ ಕಪ್ಪು ಕಲೆಯೇ. ತಿರುಪೂ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದು, ಮೊದಲೇ ತೂತು ಕೊರೆದು ಹಾಕಲಿ. ಮತ್ತೆ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿಯನ್ನು ಈ ಕಪಾಟಿನೊಳಗೆ ಇಡಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಆವಿ ಸ್ಟೇನ್‌ಲೆಸ್ ಹಿಂಜನ್ನೂ ತಿನ್ನುತ್ತದೆ.