ಲೂಥರನ ಊರಿಗೆ ಹೊರಟಿದ್ದೀರಾ? ಟಿಟ್ಲಿಸ್ ಬಿಡಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಒಂದು ಕನ್ನಡ ಕ್ರೈಸ್ತ ಸಭೆ. ಹೆಚ್ಚಿನವರು ಮಂಗಳೂರು, ಧಾರವಾಡ ಕಡೆಯವರು. ಮುಂದಿನ ವರ್ಷ 24 ಜನ ಸೇರಿ ಜರ್ಮನಿಗೆ ‘ಮಿಷನ್ ಮತ್ತು ಪರಂಪರೆ’ ಪ್ರವಾಸ ಹೋಗಬೇಕೆಂದಿದ್ದೇವೆ. ಅರ್ಧಕ್ಕಿಂತ ಜಾಸ್ತಿ ಜನ 60 ದಾಟಿದವರು. ಏಜೆಂಟ್ ಕೊಟ್ಟ ಪಟ್ಟಿ ಹೀಗಿದೆ: ಬರ್ಲಿನ್, ವಿಟ್ಟೆನ್‌ಬರ್ಗ್, ಐಸ್ಲೆಬೆನ್, ಎರ್ಫರ್ಟ್, ಐಸೆನಾಖ್, ವೋರ್ಮ್ಸ್, ಕೊನೆಗೆ ಸ್ವಿಟ್ಜರ್ಲೆಂಡಿನ ಹಿಮಪರ್ವತ ಟಿಟ್ಲಿಸ್. ಒಟ್ಟು 9 ರಾತ್ರಿ. ನಮ್ಮ ಯೌವನಸ್ಥರಿಗೆ ಅಲ್ಲಿ ಸುವಾರ್ತಾ ಸೇವೆಯನ್ನೂ ಮಾಡುವ ಆಸೆ. ಹೇಗಿದೆ, ಹೇಳಿ ಅಮ್ಮಾ.
– ಎಸ್.ಜೆ., ಫ್ರೇಜರ್ ಟೌನ್

ಉತ್ತರ: ಮೊದಲು ಟಿಟ್ಲಿಸ್ ತೆಗೆಯಿರಿ. ಹಿಮ ನೋಡೋದು ತಪ್ಪಲ್ಲ, ಆದರೆ ಅದಕ್ಕೆ ಪರಂಪರೆ ಅಂತ ಹೆಸರಿಡಬೇಡಿ. ಆಮೇಲೆ ವೋರ್ಮ್ಸ್ ಬಿಡಿ. ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಲೂಥರ್ 1521ರಲ್ಲಿ ಚಕ್ರವರ್ತಿಯ ಎದುರು ವಿಚಾರಣೆಗೆ ನಿಂತ ಕಟ್ಟಡ ಇವತ್ತು ಇಲ್ಲ. ಅಲ್ಲಿ ತೋಟವಿದೆ, ಫೋಟೋಗೆ ಕಾಲಿಡಲು ದೊಡ್ಡ ಕಂಚಿನ ಬೂಟುಗಳಿವೆ. ಅಷ್ಟಕ್ಕೆ ಅಷ್ಟು ದೂರ ಪಶ್ಚಿಮಕ್ಕೆ ಹೋಗಬೇಕಾ?

ಏಜೆಂಟರ ಪಟ್ಟಿಯಲ್ಲಿ ಹಾಲೆ ಎಂಬ ಊರೇ ಇಲ್ಲ ಅನ್ನೋದೇ ನನಗೆ ಸಿಟ್ಟು ಬರಿಸಿದ್ದು. ಭಾರತದಿಂದ ಹೋಗುವ ಲೂಥರನ್ ಪ್ರವಾಸಕ್ಕೆ ಹಾಲೆ ಬಿಟ್ಟರೆ ಇನ್ನೇನು ಉಳಿಯಿತು? 1698ರಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ ಅಲ್ಲಿ ಅನಾಥಾಲಯ ಕಟ್ಟಲು ಶುರು ಮಾಡಿದರು. ಆ ಫ್ರಾಂಕೆಯ ಬಳಗದಿಂದಲೇ ಸೀಗೆನ್‌ಬಾಲ್ಗ್ ಮತ್ತು ಪ್ಲೂಚೌ ಹೊರಟು, ಡೆನ್ಮಾರ್ಕಿನ ರಾಜನ ಕಡೆಯಿಂದ 1706ರ ಜುಲೈನಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದರು. ಭಾರತಕ್ಕೆ ಬಂದ ಮೊದಲ ಪ್ರೊಟೆಸ್ಟೆಂಟ್ ಮಿಷನರಿಗಳು ಇವರೇ. ಹತ್ತು ವರ್ಷ ತುಂಬುವ ಮೊದಲೇ ತಮಿಳಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು. ಹಾಲೆಯ ಆ ಉದ್ದ ಕಟ್ಟಡಗಳು ಈಗಲೂ ಇವೆ. ಅಲ್ಲಿನ ಸಂಗ್ರಹದಲ್ಲಿ ತಮಿಳು ತಾಳೆಗರಿಗಳಿವೆ. ಪಕ್ಕದ ಪೇಟೆ ಚರ್ಚಿನಲ್ಲಿ ಲೂಥರನ ಮೃತಮುಖದ ಮೇಣದ ಅಚ್ಚಿದೆ. ಅದನ್ನು ನೋಡಿದರೆ ಕೆಲವರಿಗೆ ಮೈ ಜುಂ ಅನ್ನುತ್ತದೆ, ಮುಂಚೆಯೇ ಹೇಳಿಬಿಡಿ.

ನನ್ನ ಲೆಕ್ಕ ಹೀಗೆ. ವಿಟ್ಟೆನ್‌ಬರ್ಗ್ 2 ರಾತ್ರಿ, ಹಾಲೆ 2, ಐಸೆನಾಖ್ 1, ಟ್ಯೂಬಿಂಗನ್ 2, ಸ್ವಿಟ್ಜರ್ಲೆಂಡಿನ ಬಾಸೆಲ್ 2. ಕೊನೆಯ ಎರಡು ಊರು ಯಾಕೆ ಅನ್ನೋದು ಕೆಳಗಿನ ಉತ್ತರಗಳಲ್ಲಿದೆ. ಬರ್ಲಿನ್‌ನಲ್ಲಿ ಇಳಿದು, ಮುಖ್ಯ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ವಿಟ್ಟೆನ್‌ಬರ್ಗ್. ಐಸ್ಲೆಬೆನ್ ಹಾಲೆಯಿಂದ ಹೋಗಿಬರುವಷ್ಟು ಹತ್ತಿರ. ಲೂಥರ್ ಹುಟ್ಟಿದ್ದೂ (1483) ಸತ್ತದ್ದೂ (1546) ಅದೇ ಊರಲ್ಲಿ. ಎರ್ಫರ್ಟ್ ಐಸೆನಾಖ್ ದಾರಿಯಲ್ಲೇ ಸಿಗುತ್ತದೆ. ಅವನು ಸನ್ಯಾಸಿಯಾಗಿ ಸೇರಿದ ಅಗಸ್ಟೀನ್ ಮಠ ನೋಡಿ, ಊಟ ಮುಗಿಸಿ ಮುಂದಿನ ರೈಲು ಹಿಡಿಯಿರಿ.

ವಿಟ್ಟೆನ್‌ಬರ್ಗ್‌ನಲ್ಲಿ ಎಲ್ಲರೂ ಓಡೋದು ಕೋಟೆ ಚರ್ಚಿನ ಬಾಗಿಲಿಗೆ. 1517ರ ಅಕ್ಟೋಬರ್ 31ರಂದು ಲೂಥರ್ ಪಾಪಕ್ಷಮೆ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ ತನ್ನ 95 ವಾದಗಳನ್ನು ಮೊಳೆ ಹೊಡೆದ ಬಾಗಿಲು ಅಂತ ಗೈಡ್ ಹೇಳುತ್ತಾರೆ. ಆ ಮರದ ಬಾಗಿಲು 1760ರಲ್ಲೇ ಯುದ್ಧದಲ್ಲಿ ಸುಟ್ಟುಹೋಯಿತು. ಈಗಿರೋದು 1858ರ ಕಂಚಿನ ಬಾಗಿಲು. ಮೊಳೆ ಹೊಡೆದದ್ದೇ ನಿಜವಾ ಅಂತ ಇತಿಹಾಸಕಾರರು ಇನ್ನೂ ಜಗಳಾಡುತ್ತಾರೆ. ಆ ದಿನ ಲೂಥರ್ ಅವನ್ನು ಮೈಂಜ್‌ನ ಆರ್ಚ್‌ಬಿಷಪ್‌ಗೆ ಕಳಿಸಿದ್ದಂತೂ ನಿಜ. ಒಳಗೆ ಲೂಥರನ ಸಮಾಧಿ, ಅವನ ಗೆಳೆಯ ಮೆಲಾಂಕ್ಥಾನನ ಸಮಾಧಿ ಎರಡೂ ಇವೆ.

ನನಗೆ ಜಾಸ್ತಿ ಇಷ್ಟವಾಗೋದು ಅವನು ಬೋಧಿಸುತ್ತಿದ್ದ ಪಟ್ಟಣದ ಚರ್ಚು. ಅದರ ಹೊರಗೋಡೆಯ ಮೇಲುಗಡೆ ಯೆಹೂದ್ಯರನ್ನು ಹಂದಿಯ ಜೊತೆ ಸೇರಿಸಿ ಹೀಯಾಳಿಸುವ ಒಂದು ಹಳೇ ಕೆತ್ತನೆ ಇದೆ. ಕೆಳಗೆ ನೆಲದಲ್ಲಿ 1988ರ ಸ್ಮಾರಕವಿದೆ. ಲೂಥರ್ 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದದ್ದು ಕೆಟ್ಟ ಬರಹ. ಗುಂಪನ್ನು ಬೇಗ ಬೇಗ ದಾಟಿಸಿಕೊಂಡು ಹೋಗಬೇಡಿ. ಅಲ್ಲೇ ನಿಲ್ಲಿಸಿ, ಯೌವನಸ್ಥರಿಗೆ ವಿಷಯ ಹೇಳಿ. ನಿಮ್ಮ ಸಭೆಯ ಪಾದ್ರಿ ಅಯ್ಯನವರೇ ಹೇಳಿದರೆ ಇನ್ನೂ ಒಳ್ಳೆಯದು.

ಐಸೆನಾಖ್‌ನಲ್ಲಿ ವಾರ್ಟ್‌ಬುರ್ಗ್ ಕೋಟೆ. ಲೂಥರ್ ತಲೆಮರೆಸಿಕೊಂಡು, ಗಡ್ಡ ಬಿಟ್ಟು, ಕೆಲವೇ ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ ಜಾಗ. ಬಸ್ ಇಳಿದ ಮೇಲೂ ಏರು ಇದೆ, ಕಲ್ಲು ಹಾಸಿದ ದಾರಿ. ಮಂಡಿ ನೋವಿರುವವರು ಕೆಳಗೆ ಬಾಖ್ ಮ್ಯೂಸಿಯಂ ನೋಡಲಿ. ಸಂಗೀತಗಾರ ಬಾಖ್ 1685ರಲ್ಲಿ ಹುಟ್ಟಿದ್ದು ಈ ಊರಲ್ಲೇ, ಅವನೂ ಲೂಥರನ್ ಪಂಥದವನೇ.

ಈಗ ಸೇವೆಯ ಮಾತು. ಹಳೇ ಪೂರ್ವ ಜರ್ಮನಿಯ ಈ ಭಾಗದಲ್ಲಿ ಸಭೆಗೆ ಸೇರದವರೇ ಜಾಸ್ತಿ. ಭಾನುವಾರ ದೊಡ್ಡ ಚರ್ಚಿನಲ್ಲಿ ಬೆರಳೆಣಿಕೆಯ ಜನ ಕೂತಿದ್ದರೆ ಗಾಬರಿಯಾಗಬೇಡಿ. ಹಾಗಂತ ಬೀದಿಯಲ್ಲಿ ಕರಪತ್ರ ಹಂಚಲೂ ಹೊರಡಬೇಡಿ. ಅಲ್ಲಿನ ಒಂದು ಸಭೆಗೆ ಆರು ತಿಂಗಳು ಮುಂಚೆ ಪತ್ರ ಬರೆಯಿರಿ. ಭಾನುವಾರದ ಆರಾಧನೆಯಲ್ಲಿ ಎರಡು ಕನ್ನಡ ಹಾಡು ಹಾಡುತ್ತೇವೆ ಅನ್ನಿ. 46ನೇ ಕೀರ್ತನೆಯ ಮೇಲೆ ಲೂಥರ್ ಕಟ್ಟಿದ ಹಾಡನ್ನು ಅವರು ಜರ್ಮನ್‌ನಲ್ಲಿ, ನೀವು ಕನ್ನಡದಲ್ಲಿ ಒಟ್ಟಿಗೇ ಹಾಡಬಹುದು. ಹಾರ್ಮೋನಿಯಂ ಹೊತ್ತುಕೊಂಡು ಹೋಗಬೇಡಿ, ಅಲ್ಲಿ ಆರ್ಗನ್ ಇರುತ್ತದೆ. ತಬಲಾ ಬೇಕಾದರೆ ಒಯ್ಯಿರಿ. ಆರಾಧನೆ ಮುಗಿದ ಮೇಲೆ ಕಾಫಿ ಕೊಟ್ಟರೆ ಎದ್ದು ಬರಬೇಡಿ. ನಿಜವಾದ ಮಾತುಕತೆ ನಡೆಯೋದೇ ಅಲ್ಲಿ.

ಆ ಸಭೆಯ ಆಹ್ವಾನ ಪತ್ರವನ್ನು ವೀಸಾ ಅರ್ಜಿಗೆ ಸೇರಿಸಿ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಹಾಕಬಹುದು, ತಡ ಅಂದರೆ 15 ದಿನ ಮುಂಚೆ. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಸ್ವಿಟ್ಜರ್ಲೆಂಡಿಗೂ ಅದೇ ವೀಸಾ ನಡೆಯುತ್ತದೆ. ಜಾಸ್ತಿ ರಾತ್ರಿ ಜರ್ಮನಿಯಲ್ಲಿ ಇರೋದರಿಂದ ಅರ್ಜಿ ಜರ್ಮನಿಗೇ ಹೋಗಬೇಕು. ಹೋಗುವ ಉದ್ದೇಶ ಏನು ಅಂತ ಇದ್ದದ್ದನ್ನೇ ಬರೆಯಿರಿ.

ಪ್ರಶ್ನೆ: ನಮ್ಮ ಕಡೆಗೆ ಮಿಷನರಿಗಳನ್ನು ಕಳಿಸಿದ ಬಾಸೆಲ್ ಮಿಷನ್ ಲೂಥರನ್ ಅಲ್ಲವೇ ಅಲ್ಲ ಅಂತ ನಮ್ಮ ಭಾವ ವಾದ ಮಾಡುತ್ತಾರೆ. ಹಾಗಾದರೆ ನಮಗೂ ಲೂಥರ್‌ಗೂ ಏನು ಸಂಬಂಧ?
– ಆರ್.ಕೆ., ಹೆಣ್ಣೂರು

ಉತ್ತರ: ನಿಮ್ಮ ಭಾವನವರು ಅರ್ಧ ಸರಿ. ಬಾಸೆಲ್ ಊರು ರಿಫಾರ್ಮ್ಡ್ ಪಂಥದ್ದು, ಅದು ಪ್ರೊಟೆಸ್ಟೆಂಟರ ಇನ್ನೊಂದು ಕವಲು. ಆದರೆ 1815ರಲ್ಲಿ ಶುರುವಾದ ಆ ಮಿಷನ್ ಎರಡೂ ಕಡೆಯವರನ್ನು ಸೇರಿಸಿಕೊಂಡಿತು. ಅಲ್ಲಿಂದ ಬಂದ ಬಹಳ ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್‌ನ ಲೂಥರನ್ ಮನೆಗಳವರು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಒಬ್ಬರಾದ ಹೆಬಿಕ್ ಉಲ್ಮ್ ಕಡೆಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಅದೇ ವುರ್ಟೆಂಬರ್ಗ್‌ನ ಬ್ರಾಕೆನ್‌ಹೈಮ್‌ನವರು. 1894ರ ಕನ್ನಡ ನಿಘಂಟಿನ ಕಿಟೆಲ್ ಹುಟ್ಟಿದ್ದು ಉತ್ತರ ಜರ್ಮನಿಯಲ್ಲಿ, ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ಮೇಲಿನ ಗುಂಪಿಗೆ ಟ್ಯೂಬಿಂಗನ್‌ನಲ್ಲಿ 2 ರಾತ್ರಿ ಹೇಳಿದ್ದು ಇದಕ್ಕೇ. ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇಟ್ಟುಕೊಂಡ ಊರಿನವರು ಅಲ್ಲಿಗೆ ಹೋಗದೆ ಬರಬಾರದು, ಅಲ್ವಾ?

ಪ್ರಶ್ನೆ: ನಮ್ಮ ಮುತ್ತಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದರಂತೆ. ಬಾಸೆಲ್‌ನಲ್ಲಿ ದಾಖಲೆ ಸಿಗುತ್ತಾ?
– ಪಿ.ಎಸ್., ಕೋರಮಂಗಲ

ಉತ್ತರ: ಸುಮ್ನೆ ಅಲ್ಲಿಗೆ ಹೋಗಿ ಬಾಗಿಲು ತಟ್ಟಬೇಡಿ. ಆ ಮಿಷನ್ನಿನ ಹಳೇ ಕಾಗದಗಳು ಈಗ ‘ಮಿಷನ್ 21’ ಸಂಸ್ಥೆಯ ದಫ್ತರಖಾನೆಯಲ್ಲಿವೆ. ಮುಂಚೆಯೇ ಬರೆದು ಕೇಳಿ. ಅಲ್ಲಿನ ಹಳೇ ಫೋಟೋಗಳನ್ನು ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ನೋಡಬಹುದು. ಪತ್ರಗಳು ಹಳೇ ಜರ್ಮನ್ ಕೈಬರಹದಲ್ಲಿವೆ, ಇವತ್ತಿನ ಜರ್ಮನರಿಗೂ ಓದೋಕೆ ಕಷ್ಟ. ಅದಕ್ಕೂ ಮೊದಲು ರಾತ್ರಿ ಬಸ್ ಹತ್ತಿ ಮಂಗಳೂರಿಗೆ ಹೋಗಿ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿ. ಮುತ್ತಜ್ಜ ಹೋಗುತ್ತಿದ್ದ ಸಭೆಯ ದೀಕ್ಷಾಸ್ನಾನದ ರಿಜಿಸ್ಟರ್ ಕೇಳಿ ತೆಗೆಸಿ. ಹೆಸರು, ತಂದೆಯ ಹೆಸರು, ವರ್ಷ ಮೂರೂ ಕೈಯಲ್ಲಿದ್ದರೆ ಬಾಸೆಲ್‌ನವರಿಗೆ ಹುಡುಕೋದು ಸುಲಭ.