ಅಜ್ಜನ ಡೈರಿಯ 3,840, ಮೊಮ್ಮಗನ ಫೋನಿನ 60

ಹಾವೇರಿಯಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಇದು:

‘ನಮ್ಮ ಅಪ್ಪ ನಿವೃತ್ತ ಹೈಸ್ಕೂಲ್ ಮಾಸ್ತರರು, ಈಗ 82 ವಯಸ್ಸು. 2001ರಲ್ಲಿ ಇನ್ಫೋಸಿಸ್‌ನ 10 ಷೇರು ಕೊಂಡಿದ್ದರು. “10 ಷೇರು, ತಲಾ 3,840” ಎಂದು ಡೈರಿಯಲ್ಲಿ ಅವರದೇ ಅಕ್ಷರದಲ್ಲಿದೆ. ಆಮೇಲೆ ಒಂದೂ ಷೇರು ಕೊಂಡಿಲ್ಲ, ಒಂದೂ ಮಾರಿಲ್ಲ. ಡಿಮ್ಯಾಟ್ ಖಾತೆಯಲ್ಲಿ ಮಾತ್ರ ಈಗ 640 ಇವೆ. ನನ್ನ ಮಗಳ ಓದಿಗೆಂದು ಅರ್ಧ ಮಾರೋಣ ಎನ್ನುತ್ತಿದ್ದಾರೆ. ನನ್ನ ಮಗ ಫೋನಿನಲ್ಲಿ ಅದೇ ದಿನದ ಬೆಲೆ ತೆಗೆದರೆ ಸುಮಾರು 60 ರೂಪಾಯಿ ಎಂದು ತೋರಿಸಿತು. “ಅಜ್ಜಾ, ಬ್ರೋಕರ್ ನಿಮಗೆ ಟೋಪಿ ಹಾಕಿದ್ದಾನೆ” ಎಂದುಬಿಟ್ಟ. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಇನ್ನೊಂದು ಕಡೆ ನೋಡಿದರೆ 60 ಕೂಡ ಇಲ್ಲ, ಇನ್ನೂ ಕಡಿಮೆ. ಯಾವುದು ನಿಜ? ತೆರಿಗೆಗೆ ಯಾವ ಬೆಲೆ ಹಿಡಿಯಬೇಕು?’

ಸಂಪಾದಕರ ಉತ್ತರ:

ಮೊದಲು ನಿಮ್ಮ ತಂದೆಯವರಿಗೆ ಹೇಳಿ: ಅವರಿಗೆ ಯಾರೂ ಮೋಸ ಮಾಡಿಲ್ಲ. ಡೈರಿಯಲ್ಲಿರುವ 3,840 ಅವರು ಆ ದಿನ ಕೈಯಿಂದ ಕೊಟ್ಟ ಬೆಲೆ. ನಿಮ್ಮ ಮಗ ಕಂಡ 60 ಕೂಡ ಸುಳ್ಳಲ್ಲ. ಆದರೆ ಅದು ಆ ದಿನದ ಬೆಲೆಯಲ್ಲ, ಆಮೇಲೆ ಕೂತು ಬದಲಿಸಿ ಬರೆದ ಬೆಲೆ. ಷೇರಿನ ಹಳೆಯ ಬೆಲೆ ನೋಡುವವರೆಲ್ಲ ಎಡವುವುದು ಇಲ್ಲೇ.

ನಿಮ್ಮ ಕಡೆಯ ಜಮೀನಿನ ಲೆಕ್ಕದಲ್ಲೇ ನೋಡೋಣ. ನಾಲ್ಕು ಎಕರೆಯ ಒಂದು ಸರ್ವೆ ನಂಬರು ಪೋಡಿಯಾಗಿ ಒಂದೊಂದು ಎಕರೆಯ ನಾಲ್ಕು ಹಿಸ್ಸೆ ಆಯಿತು ಎನ್ನಿ. ಇವತ್ತಿನ ಒಂದು ಹಿಸ್ಸೆಯ ಬೆಲೆಯನ್ನು ಅಂದಿನ ಇಡೀ ನಂಬರಿನ ಬೆಲೆಯ ಪಕ್ಕದಲ್ಲಿಟ್ಟು ‘ಜಮೀನಿನ ಬೆಲೆ ಬಿದ್ದುಹೋಯಿತು’ ಎಂದರೆ ಊರವರು ನಕ್ಕಾರು. ಹೋಲಿಸಬೇಕಾದರೆ ಹಳೆಯ ಬೆಲೆಯನ್ನು ನಾಲ್ಕರಿಂದ ಭಾಗಿಸಬೇಕು. ಫೋನಿನ ಆ್ಯಪ್ ಮಾಡಿದ್ದೂ ಅಷ್ಟೇ.

ಇನ್ಫೋಸಿಸ್ 2004ರಲ್ಲಿ 3:1 ಬೋನಸ್, ಅಂದರೆ ಇದ್ದ ಷೇರುದಾರರಿಗೆ ಹಣ ಪಡೆಯದೆ ಹೊಸ ಷೇರು, ಕೊಟ್ಟಿತು. ಇದನ್ನು ‘ಮೂರು ಪಟ್ಟು’ ಎಂದು ಓದುವವರು ಬಹಳ. ಹಾಗಲ್ಲ, ಇದ್ದ ಒಂದು ಷೇರಿಗೆ ಹೊಸದಾಗಿ ಮೂರು, ಒಟ್ಟು ನಾಲ್ಕು. ಅಪ್ಪನ 10 ಅಲ್ಲಿ 40 ಆಯಿತು. 2006ರಲ್ಲಿ 1:1, 80. 2014ರಲ್ಲಿ 1:1, 160. 2015ರಲ್ಲಿ ಮತ್ತೆ 1:1, 320. 2018ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು 1:1, ಅಲ್ಲಿಗೆ 640. ಒಂದು ಷೇರು 64 ಆಗಿದೆ. 3,840ನ್ನು 64ರಿಂದ ಭಾಗಿಸಿ ನೋಡಿ, ಸರಿಯಾಗಿ 60. ಅಂದು 10 ಷೇರಿಗೆ ಕೊಟ್ಟದ್ದು 38,400 ರೂಪಾಯಿ; 640ನ್ನು 60ರಿಂದ ಗುಣಿಸಿದರೂ ಅದೇ 38,400. ಅಜ್ಜ ಮೊಮ್ಮಗ ಇಬ್ಬರೂ ಒಂದೇ ಹಣದ ಮಾತಾಡುತ್ತಿದ್ದಾರೆ. ಈ ಎರಡು ಗುಣಾಕಾರಗಳನ್ನು ಮಗನ ಕೈಯಿಂದಲೇ ಡೈರಿಯ ಆ ಪುಟದ ಪಕ್ಕದಲ್ಲಿ ಬರೆಸಿ. ಅಜ್ಜನ ಮುಂದೆ ಅವನು ಕೂತು ಬರೆದರೆ ಎರಡು ದಿನದ ಮೌನಕ್ಕೆ ಅದೇ ಉತ್ತರವಾದೀತು.

ಇನ್ನೂ ಕಡಿಮೆ ತೋರಿಸಿದ ಆ ಮೂರನೆಯ ಸಂಖ್ಯೆಗೆ ಕಾರಣ ಡಿವಿಡೆಂಡ್. ಕಂಪನಿ ಷೇರಿಗೆ ಇಷ್ಟೆಂದು ಲಾಭಾಂಶ ಹಂಚಿದಾಗ ಆ ಮೊತ್ತ ಷೇರಿನ ಬೆಲೆಯಿಂದ ಆಚೆ ಬಂದು ನಿಮ್ಮ ಬ್ಯಾಂಕ್ ಖಾತೆಗೆ ಸೇರುತ್ತದೆ. ಕೆಲವು ಕಡೆ ಅದನ್ನೂ ಲೆಕ್ಕಕ್ಕೆ ತಂದು ಹಳೆಯ ಬೆಲೆಗಳನ್ನು ಮತ್ತಷ್ಟು ಇಳಿಸಿ ತೋರಿಸುತ್ತಾರೆ. ಹಾಕಿದ ಹಣ ಡಿವಿಡೆಂಡ್ ಸೇರಿ ಒಟ್ಟು ಎಷ್ಟು ಬೆಳೆಯಿತು ಎಂದು ತಿಳಿಯಲು ಇದು ಒಳ್ಳೆಯದು. ಆದರೆ ಪ್ರತಿ ಹೊಸ ಡಿವಿಡೆಂಡ್ ಬಂದಾಗಲೂ ಹಿಂದಿನ ಸಂಖ್ಯೆಗಳೆಲ್ಲ ಒಂದಿಷ್ಟು ಬದಲಾಗುತ್ತವೆ. ಹೋದ ವರ್ಷ ಬರೆದಿಟ್ಟುಕೊಂಡದ್ದು ಈ ವರ್ಷ ತಾಳೆಯಾಗದಿದ್ದರೆ ಗಾಬರಿ ಬೇಡ.

ಹೀಗೆ ಇಳಿಸಿ ಬರೆದ ಬೆಲೆ ಒಂದು ವಿಷಯವನ್ನು ಮಾತ್ರ ಪೂರ್ತಿ ಮರೆಮಾಡುತ್ತದೆ. 1993ರಲ್ಲಿ ಇನ್ಫೋಸಿಸ್ ಮೊದಲ ಸಲ ಸಾರ್ವಜನಿಕರಿಗೆ ಷೇರು ಕೊಟ್ಟಾಗ ಬೆಲೆ 95 ರೂಪಾಯಿ. 1994, 1997, 1999ರ ಬೋನಸ್‌ಗಳು, 2000ದಲ್ಲಿ 10 ರೂಪಾಯಿ ಮುಖಬೆಲೆಯನ್ನು 5ಕ್ಕೆ ಇಳಿಸಿ ಒಂದು ಷೇರನ್ನು ಎರಡಾಗಿಸಿದ್ದು, ಆಮೇಲೆ ಮೇಲೆ ಹೇಳಿದವು ಎಲ್ಲ ಸೇರಿದರೆ ಅಂದಿನ ಒಂದು ಷೇರು ಇಂದಿಗೆ 1,024. ಅಂದರೆ ಇಂದಿನ ಲೆಕ್ಕದಲ್ಲಿ 9 ಪೈಸೆ ಚಿಲ್ಲರೆ. ‘ಒಂಬತ್ತು ಪೈಸೆಗೆ ಸಿಗುತ್ತಿತ್ತಂತೆ, ಯಾರೂ ತೆಗೆದುಕೊಳ್ಳಲಿಲ್ಲವಲ್ಲ’ ಎಂದು ಹಲುಬುವವರಿದ್ದಾರೆ. ಒಂಬತ್ತು ಪೈಸೆಗೆ ಯಾರಿಗೂ ಸಿಕ್ಕಿರಲಿಲ್ಲ. 100 ಷೇರಿಗೆ 9,500 ರೂಪಾಯಿ ಎಣಿಸಬೇಕಿತ್ತು. ಆಗಿನ ಮಾಸ್ತರರೊಬ್ಬರಿಗೆ ಅದು ಕೆಲವು ತಿಂಗಳ ಸಂಬಳ. ಹಾಗೆಯೇ, ನಿಮ್ಮ ತಂದೆಯವರು ಹತ್ತೇ ಷೇರು ಯಾಕೆ ಕೊಂಡರು ಎಂಬುದು ಫೋನಿನ 60 ನೋಡಿದವರಿಗೆ ಹೊಳೆಯುವುದಿಲ್ಲ. ಒಂದೊಂದಕ್ಕೆ 3,840 ಎಂದು ಡೈರಿಯಲ್ಲಿ ಓದಿದರೆ ಹೊಳೆಯುತ್ತದೆ.

ನಿಮ್ಮ ಮಗನಿಗೆ ಇನ್ನೊಂದು ಕೆಲಸ ಕೊಡಿ. ಇನ್ಫೋಸಿಸ್‌ನ ಪೂರ್ತಿ ಅವಧಿಯ ಚಾರ್ಟ್ ತೆರೆದು 2003ರ ಏಪ್ರಿಲ್ 10ನ್ನು ಹುಡುಕಲಿ. ಏನೂ ಕಾಣದು, ನೆಲಕ್ಕೆ ಅಂಟಿದ ಸಪಾಟು ಗೆರೆ. ಆದರೆ ಅಂದು, ಮುಂದಿನ ವರ್ಷದ ಗಳಿಕೆಯ ಬಗ್ಗೆ ಕಂಪನಿಯೇ ಕೊಟ್ಟ ಅಂದಾಜು ಪೇಟೆಯ ನಿರೀಕ್ಷೆಗಿಂತ ಕಡಿಮೆ ಇದ್ದುದರಿಂದ, ಷೇರು ಒಂದೇ ದಿನದಲ್ಲಿ ಶೇ 26ಕ್ಕೂ ಹೆಚ್ಚು ಕುಸಿದಿತ್ತು. ನಾಲ್ಕರಲ್ಲಿ ಒಂದು ಪಾಲು ಹಣ ಸಂಜೆಯೊಳಗೆ ಹೋಯಿತು. ಚಾರ್ಟ್‌ನ ಸೆಟ್ಟಿಂಗ್‌ನಲ್ಲಿ ‘ಲಾಗ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ರೂಪಾಯಿಯ ಬದಲು ಶೇಕಡಾವಾರು ಏರಿಳಿತ ಒಂದೇ ಅಳತೆಯಲ್ಲಿ ಕಾಣುತ್ತದೆ. ಆಗ ಆ ದಿನದ ಕಂದಕ ಕಣ್ಣಿಗೆ ಬೀಳುತ್ತದೆ. ಶೇ 21ರಷ್ಟು ಬಿದ್ದ 2013ರ ಏಪ್ರಿಲ್ 12 ಕೂಡ. ಇಷ್ಟೆಲ್ಲ ನೋಡಿಯೂ ಮಾರದೆ ಕುಳಿತವರು ನಿಮ್ಮ ತಂದೆ. ಹಳೆಯ ಬೆಲೆಗಳಿಂದ ಕಲಿಯಬೇಕಾದದ್ದು ಇದನ್ನು, 60 ರೂಪಾಯಿ ಎಷ್ಟಾಯಿತು ಎಂಬುದನ್ನಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಏಕೆಂದರೆ ಗೆದ್ದ ಕಂಪನಿಯ ಚಾರ್ಟ್ ಮಾತ್ರ ನಮ್ಮ ಕಣ್ಣ ಮುಂದೆ ಉಳಿದಿರುತ್ತದೆ. ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್ ಷೇರು 2018ರಲ್ಲಿ ಪೇಟೆಯ ಪಟ್ಟಿಯಿಂದಲೇ ಹೊರಬಿತ್ತು. ಅದರ ಹಳೆಯ ಬೆಲೆಯನ್ನು ಈಗ ಯಾರು ಹುಡುಕುತ್ತಾರೆ?

ಇನ್ನು ತೆರಿಗೆ. ಇಲ್ಲಿ ತಪ್ಪು ಬೆಲೆ ಹಿಡಿದರೆ ಕೈಯಿಂದ ಹಣ ಹೋಗುತ್ತದೆ, ಆದ್ದರಿಂದ ನಿಧಾನವಾಗಿ ಓದಿ.

2018ರ ಜನವರಿ 31ರೊಳಗೆ ಕೈಗೆ ಬಂದ ಷೇರಿಗೆ ಕಾನೂನು ಒಂದು ರಕ್ಷಣೆ ಕೊಟ್ಟಿದೆ. ಆ ದಿನ ಪೇಟೆಯಲ್ಲಿ ನಡೆದ ಗರಿಷ್ಠ ಬೆಲೆ ಮತ್ತು ನೀವು ಈಗ ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ. ಅದನ್ನು ನಿಜವಾಗಿ ಕೊಂಡ ಬೆಲೆಯ ಪಕ್ಕದಲ್ಲಿಟ್ಟು ಯಾವುದು ಹೆಚ್ಚೋ ಅದನ್ನೇ ಕೊಂಡ ಬೆಲೆ ಎಂದು ತೋರಿಸಬಹುದು. ಬೇಕಾದದ್ದು ಅಂದು ನಿಜವಾಗಿ ನಡೆದ ಬೆಲೆ, ಆಮೇಲೆ ಇಳಿಸಿ ಬರೆದದ್ದಲ್ಲ. ಅಂದು ಇನ್ಫೋಸಿಸ್ 1,100ರ ಮೇಲಿತ್ತು. ಅದೇ ವರ್ಷದ ಸೆಪ್ಟೆಂಬರ್‌ನ ಬೋನಸ್‌ನಿಂದಾಗಿ ಆ್ಯಪ್ ಈಗ ಅದರ ಅರ್ಧ ತೋರಿಸುತ್ತದೆ.

ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ ಎಂಬುದು ನಿಯಮ. ಅರ್ಧ, ಅಂದರೆ 320 ಮಾರಿದರೆ ಹೋಗುವುದು 2001ರ 10 ಮತ್ತು 2004ರಿಂದ 2015ರವರೆಗಿನ ಬೋನಸ್ 310. ಲೆಕ್ಕಕ್ಕೆ ಜನವರಿ 31ರ ಬೆಲೆ 1,150, ಮಾರುವ ಬೆಲೆ 1,500 ಎಂದುಕೊಳ್ಳೋಣ. ಬೋನಸ್ ಷೇರಿಗೆ ಹಣ ಕೊಟ್ಟಿಲ್ಲ, ಆದ್ದರಿಂದ ಅವಕ್ಕೆ 1,150ನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು; 310 ಷೇರಿಗೆ ತಲಾ 350ರಂತೆ ಲಾಭ 1,08,500. ಮೊದಲಿನ ಆ ಹತ್ತು ಷೇರಿನ ಕಥೆ ಬೇರೆ. ಬೋನಸ್ ಬಂದಿತೆಂದು ಮೂಲ ಷೇರಿನ ಖರೀದಿ ಬೆಲೆ ಕಾನೂನಿನ ಕಣ್ಣಿಗೆ ಕಡಿಮೆಯಾಗುವುದಿಲ್ಲ. ಅವಕ್ಕೆ ಇಂದಿಗೂ ತಲಾ 3,840! 1,500ಕ್ಕೆ ಮಾರಿದರೆ ತಲಾ 2,340 ನಷ್ಟ, ಹತ್ತಕ್ಕೆ 23,400. ಅದನ್ನು ಕಳೆದರೆ ಉಳಿಯುವ ಲಾಭ 85,100. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ, ಆದ್ದರಿಂದ ಬೇರೆ ಷೇರು ಮಾರದಿದ್ದರೆ ಕಟ್ಟಬೇಕಾದದ್ದು ಸೊನ್ನೆ. ಇದೇ ಲೆಕ್ಕವನ್ನು ಆ್ಯಪ್‌ನ 575 ಹಿಡಿದು ಮಾಡಿದರೆ ಲಾಭ 2,96,000 ಆಗುತ್ತದೆ. ಶೇ 12.5ರಂತೆ 21,375 ರೂಪಾಯಿ, ಮೇಲೆ ಸೆಸ್, ಸುಮ್ಮನೆ ಕಟ್ಟಿದಂತೆ.

ಉಳಿಯುವ 320 ಷೇರು 2018ರ ಸೆಪ್ಟೆಂಬರ್‌ನವು. ಜನವರಿ 31ರ ನಂತರ ಬಂದ ಅವಕ್ಕೆ ಆ ರಕ್ಷಣೆ ಇಲ್ಲ, ಆದ್ದರಿಂದ ಅವುಗಳ ಕೊಂಡ ಬೆಲೆ ಸೊನ್ನೆ. ಮಾರಿ ಬಂದ ಹಣವೆಲ್ಲ ಲಾಭ. ಅವಸರವಿಲ್ಲದಿದ್ದರೆ ಅವನ್ನು ಒಂದೇ ವರ್ಷ ಮಾರಬೇಡಿ, ಪ್ರತಿ ವರ್ಷದ 1.25 ಲಕ್ಷದ ವಿನಾಯಿತಿ ಸಿಗುವಂತೆ ಮಾರ್ಚ್ ದಾಟಿಸಿ ಸ್ವಲ್ಪ ಸ್ವಲ್ಪವಾಗಿ ಮಾರಿ.

ಜನವರಿ 31ರ ನಿಖರ ಬೆಲೆಯನ್ನು ಷೇರು ವಿನಿಮಯ ಕೇಂದ್ರದ ಆ ದಿನದ ‘ಭಾವ್ ಕಾಪಿ’ಯಲ್ಲೇ (ದಿನದ ಬೆಲೆಪಟ್ಟಿ) ನೋಡಿ. ಅದರಲ್ಲಿ ಅಂದಿನ ಬೆಲೆ ಅಂದಿನಂತೆಯೇ ಇರುತ್ತದೆ, ಯಾರೂ ತಿದ್ದುವುದಿಲ್ಲ. ದಿನದ ಕೊನೆಯ ಬೆಲೆಯ ಕಾಲಂ ಅಲ್ಲ, ಗರಿಷ್ಠ ಬೆಲೆಯ ಕಾಲಂ ನೋಡಬೇಕು. ಆ ಪುಟವನ್ನು ಮುದ್ರಿಸಿ, ರಿಟರ್ನ್ಸ್ ತುಂಬುವ ಮೊದಲು ನಿಮ್ಮ ಆಡಿಟರ್ ಕೈಗೆ ಕೊಡಿ. ಹತ್ತು ಷೇರಿನ 3,840ಕ್ಕೆ ಡೈರಿಯ ಸಾಲೊಂದೇ ಸಾಲದು. 2001ರ ಕಾಂಟ್ರಾಕ್ಟ್ ನೋಟ್ (ಬ್ರೋಕರ್ ಕೊಟ್ಟ ಖರೀದಿ ಚೀಟಿ) ಮನೆಯ ಹಳೆಯ ಕಾಗದಗಳ ಕಟ್ಟಿನಲ್ಲಿ ಇದೆಯೇ ಹುಡುಕಿಸಿ. ಸಿಗದಿದ್ದರೆ ಆ ತಿಂಗಳ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬ್ರೋಕರ್‌ಗೆ ಹೋದ 38,400ರ ಚೆಕ್ಕಿನ ಸಾಲು ಇರಬೇಕು. ಯಾವ ತಿಂಗಳೆಂಬುದು ಡೈರಿಯ ಆ ಪುಟದಲ್ಲೇ ಇದೆ.