ಚಿತ್ರದುರ್ಗ–ದಾವಣಗೆರೆ ದಿನಾ ಕಾರಲ್ಲಿ ಓಡಾಡ್ತೀನಿ. ಪೆಟ್ರೋಲ್ ಉಳಿಸೋಕೆ ಏಸಿ ಆಫ್ ಮಾಡಿ ಕಿಟಕಿ ತೆಗೆಯೋದು ಒಳ್ಳೇದಾ?

ಊರೊಳಗೆ ಹೌದು. ಪಿ.ಬಿ. ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಕಿಟಕಿ ತೆಗೆದರೆ ಸಾಕು. ಹೆದ್ದಾರಿ 48ರ ವೇಗದಲ್ಲಿ ಮಾತ್ರ ಒಳಗೆ ನುಗ್ಗುವ ಗಾಳಿ ಕಾರನ್ನು ತಡೆಯುತ್ತದೆ, ಉಳಿತಾಯ ಕಮ್ಮಿ. ಲಾರಿಗಳ ಸದ್ದು, ಧೂಳು ಬೇರೆ. ಅಲ್ಲಿ ಗಾಜು ಏರಿಸಿ ಏಸಿ ಹಾಕಿಕೊಳ್ಳಿ.

ನಿಜವಾದ ಉಳಿತಾಯ ಇರುವುದು ಏಸಿ ಹಾಕುವ ರೀತಿಯಲ್ಲಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಸ್ಟೇರಿಂಗ್ ಮುಟ್ಟೋಕೂ ಆಗಲ್ಲ, ಅಲ್ವಾ? ಮೊದಲು ನಾಲ್ಕೂ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ. ಕಾದ ಗಾಳಿ ಹೊರಗೆ ಹೋಗಲಿ. ಆಮೇಲೆ ಗಾಜು ಏರಿಸಿ, ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುವ ಬಟನ್ ಒತ್ತಿ. ತಣ್ಣಗಾದ ಗಾಳಿಯೇ ಮತ್ತೆ ತಿರುಗುವುದರಿಂದ ಕಂಪ್ರೆಸರ್‌ಗೆ ಕೆಲಸ ಕಡಿಮೆ. ಆದರೆ ದಾರಿಯುದ್ದಕ್ಕೂ ಹಾಗೇ ಬಿಡಬೇಡಿ. ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿ ತೂಕಡಿಕೆ ಬರಬಹುದು. ಆಗಾಗ ಹೊರಗಿನ ಗಾಳಿ ಬಿಡಿ.

ಇಳಿಜಾರಲ್ಲಿ ನ್ಯೂಟ್ರಲ್ ಮಾತ್ರ ಬೇಡವೇ ಬೇಡ. ಈಗಿನ ಕಾರುಗಳಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ವೇಗವೂ ಹಿಡಿತದಲ್ಲಿರುತ್ತದೆ.